ಆಟದ ಮರ್ಯಾದೆಯೂ ಕ್ಲಬ್ಬಿನ ಮಡಿಯೂ

ಗಾಲ್ಫ್ ಆಟವು ನಮ್ಮ ದೇಶಕ್ಕೆ ಹೊಸದಲ್ಲ. ಬ್ರಿಟಿಷ್ ದ್ವೀಪಗಳ ಹೊರಗಿನ ಗಾಲ್ಫ್ ಕ್ಲಬ್ಬುಗಳಲ್ಲಿ ಅತ್ಯಂತ ಹಳೆಯದೆನಿಸಿದ ಕಲ್ಕತ್ತೆಯ ಕ್ಲಬ್ಬು 1829ರಲ್ಲಿ ಹುಟ್ಟಿತು. ನಮ್ಮ ಬೆಂಗಳೂರಿನ ಗಾಲ್ಫ್ ಕ್ಲಬ್ಬು 1876ರಲ್ಲಿ ಹುಟ್ಟಿತು. ಇವುಗಳನ್ನು ಕಟ್ಟಿದ ದೊರೆಗಳು 1947ರಲ್ಲಿ ಗಂಟುಮೂಟೆ ಕಟ್ಟಿಕೊಂಡು ಹೊರಟುಹೋದರು. ಆಟ ಉಳಿಯಿತು, ಹುಲ್ಲುಗಾವಲು ಉಳಿಯಿತು, ಅದರೊಡನೆ ನಡೆನುಡಿಯ ನಿಯಮಗಳ ಒಂದು ಕಟ್ಟೂ ಉಳಿಯಿತು. ಆ ಕಟ್ಟಿನಲ್ಲಿ ಇಟ್ಟುಕೊಳ್ಳತಕ್ಕದ್ದು ಯಾವುದು, ಬಿಸಾಡತಕ್ಕದ್ದು ಯಾವುದು ಎಂಬುದನ್ನು ನಮ್ಮವರು ಇಷ್ಟು ವರ್ಷಗಳಾದರೂ ಬಿಚ್ಚಿ ನೋಡದಿರುವುದು ಸೋಜಿಗದ ಸಂಗತಿ. ನಮ್ಮ ವಾಚಕರಲ್ಲಿ ಅನೇಕರು, ಮುಖ್ಯವಾಗಿ ಅಧಿಕಾರಿವರ್ಗದ ಮಹನೀಯರು, ಇಂತಹ ಕ್ಲಬ್ಬುಗಳ ಸದಸ್ಯರಾಗಿರುವುದರಿಂದ ಈ ವಿಷಯವನ್ನು ಅವರ ಮುಂದಿಡುವುದು ಉಚಿತವೆಂದು ನಾವು ಭಾವಿಸುತ್ತೇವೆ.

ಮೊದಲಿಗೆ, ಆಟಕ್ಕೆ ಸಲ್ಲಬೇಕಾದ ಮನ್ನಣೆಯನ್ನು ಸಲ್ಲಿಸಿಬಿಡೋಣ. ಗಾಲ್ಫಿನ ನಡತೆಯ ನಿಯಮಗಳಲ್ಲಿ ಹೆಚ್ಚಿನವು ಯಾವ ದೇಶದ ಸಭ್ಯನೂ ತಲೆದೂಗಬೇಕಾದಂಥವು. ಒಬ್ಬನು ಚೆಂಡನ್ನು ಹೊಡೆಯಲು ನಿಂತಾಗ ಉಳಿದವರು ಮಾತನಾಡಕೂಡದು, ಅಲುಗಾಡಕೂಡದು. ಮುಂದಿನ ತಂಡದವರು ಚೆಂಡಿನ ಅಳವಿನಿಂದ ದಾಟಿ ಹೋಗುವವರೆಗೆ ಹಿಂದಿನವರು ಕೋಲನ್ನೆತ್ತಕೂಡದು. ಚೆಂಡು ದಾರಿ ತಪ್ಪಿ ಯಾರ ಕಡೆಗಾದರೂ ಹಾರಿದರೆ ಕೂಡಲೆ ಗಟ್ಟಿಯಾಗಿ ಕೂಗಿ ಎಚ್ಚರಿಸಬೇಕು. ಕೋಲಿನ ಏಟಿಗೆ ಕಿತ್ತುಬಂದ ಹುಲ್ಲಿನ ಹೆಂಟೆಯನ್ನು ಆಡಿದವನೇ ಸ್ವಸ್ಥಾನದಲ್ಲಿಟ್ಟು ತುಳಿಯಬೇಕು. ಬಂಕರ್ ಎಂಬ ಮರಳಿನ ಗುಳಿಯಲ್ಲಿ ತಾನು ಮೂಡಿಸಿದ ಹೆಜ್ಜೆಯ ಗುರುತುಗಳನ್ನು ತಾನೇ ಹರಗಿ ಅಳಿಸಿ ಬರಬೇಕು. ಹಿಂದೆ ಬರುವವನು ಯಾರೆಂಬುದು ತನಗೆ ತಿಳಿಯದಿದ್ದರೂ ಅವನಿಗೆ ನೆಲವನ್ನು ಹಸನಾಗಿ ಬಿಟ್ಟು ಹೋಗಬೇಕೆಂಬ ಈ ವಿಧಿಯನ್ನು ನಮ್ಮ ಪುರಸಭೆಗಳು ಊರಿನ ಪ್ರತಿಯೊಂದು ಬೀದಿಯಲ್ಲಿಯೂ ಬರೆದು ಹಾಕಿಸಿದರೂ ತಪ್ಪಿಲ್ಲ.

ಇವೆಲ್ಲಕ್ಕೂ ಮಿಗಿಲಾದ ಇನ್ನೊಂದು ಧರ್ಮವಿದೆ. ಗಾಲ್ಫಿನಲ್ಲಿ ಆಟಗಾರನ ಬೆನ್ನಿಗೆ ತೀರ್ಪುಗಾರನು ನಿಂತಿರುವುದಿಲ್ಲ. ತನ್ನ ತಪ್ಪನ್ನು ತಾನೇ ಒಪ್ಪಿಕೊಂಡು ತನಗೆ ತಾನೇ ದಂಡ ವಿಧಿಸಿಕೊಳ್ಳಬೇಕು. 1925ರಲ್ಲಿ ಅಮೆರಿಕೆಯ ರಾಷ್ಟ್ರೀಯ ಪಂದ್ಯದಲ್ಲಿ ಬಾಬಿ ಜೋನ್ಸ್ ಎಂಬ ಖ್ಯಾತ ಆಟಗಾರನು ಹುಲ್ಲಿನಲ್ಲಿದ್ದ ತನ್ನ ಚೆಂಡು ಕೊಂಚ ಕದಲಿತೆಂದು ಹೇಳಿ ತನ್ನ ಲೆಕ್ಕಕ್ಕೆ ಒಂದು ಹೊಡೆತವನ್ನು ತಾನೇ ಸೇರಿಸಿಕೊಂಡನು. ಅದು ಕದಲಿದುದನ್ನು ಬೇರೆ ಯಾರೂ ಕಂಡಿರಲಿಲ್ಲ. ಕೊನೆಗೆ ಪಂದ್ಯವು ಸರಿಸಮವಾಗಿ, ಮತ್ತೆ ಆಡಿದಾಗ ಅವನು ವಿಲ್ಲಿ ಮ್ಯಾಕ್‌ಫರ್ಲೇನನಿಗೆ ಸೋತನು. ಆ ಒಂದು ಹೊಡೆತವನ್ನು ಬಚ್ಚಿಟ್ಟಿದ್ದರೆ ಗೆಲುವು ಅವನದಾಗುತ್ತಿತ್ತು. ಯಾರೂ ನೋಡದಿದ್ದಾಗಲೂ ಸತ್ಯವನ್ನು ಬಿಡದಿರುವುದೇ ಆಚಾರದ ತಿರುಳು; ಇದನ್ನು ನಾವು ಪಾಠಶಾಲೆಯಲ್ಲಿ ಹರಿಶ್ಚಂದ್ರನ ಕಥೆಯಿಂದ ಕಲಿತೆವು, ಅವರು ಹುಲ್ಲುಗಾವಲಿನಲ್ಲಿ ಕಲಿತರು. ಎಲ್ಲಿ ಕಲಿತರೂ ಅದು ಒಂದೇ ವಿದ್ಯೆ.

ಇಷ್ಟನ್ನು ಹೇಳಿದ ಮೇಲೆ ನಾಣ್ಯದ ಇನ್ನೊಂದು ಮುಖವನ್ನೂ ನೋಡಬೇಕಾಗಿದೆ. ಮೈದಾನದಿಂದ ಕ್ಲಬ್ಬಿನ ಕಟ್ಟಡದೊಳಕ್ಕೆ ಕಾಲಿಟ್ಟೊಡನೆ ಬೇರೊಂದು ಶಾಸ್ತ್ರ ಆರಂಭವಾಗುತ್ತದೆ. ಅಂಗಿಗೆ ಕಾಲರು ಇರತಕ್ಕದ್ದು, ಚಪ್ಪಲಿ ಕೂಡದು, ಪಂಚೆಯ ಮಾತಂತೂ ಎತ್ತಲೇ ಕೂಡದು, ಮನೆಗೆಲಸದವರು ಇಂತಿಂಥ ಕೋಣೆಗಳಲ್ಲಿ ಕೂರಕೂಡದು. ಈ ಶಾಸ್ತ್ರವು ಆಟದಿಂದ ಹುಟ್ಟಿತೆಂದು ಹೇಳುವವರು ಒಮ್ಮೆ ಇತಿಹಾಸವನ್ನು ನೋಡಲಿ. ಎಡಿನ್‌ಬರೋ ಪಟ್ಟಣದವರು ಬೆಳ್ಳಿಯ ಕೋಲನ್ನು ಬಹುಮಾನವಾಗಿಟ್ಟಾಗ, 1744ರಲ್ಲಿ, ಲೀತ್ ಎಂಬಲ್ಲಿನ ಆಟಗಾರರು ಬರೆದಿಟ್ಟ ಮೊಟ್ಟಮೊದಲ ನಿಯಮಾವಳಿಯಲ್ಲಿ ಹದಿಮೂರು ವಿಧಿಗಳಿವೆ. ಚೆಂಡು ನೀರಿಗೆ ಬಿದ್ದರೆ ಏನು ಮಾಡಬೇಕು, ಕಳೆದುಹೋದರೆ ಏನು ಮಾಡಬೇಕು ಎಂಬುದು ಅಲ್ಲಿದೆ. ಆಟಗಾರನ ಉಡುಪಿನ ವಿಷಯವಾಗಿ ಒಂದು ಅಕ್ಷರವೂ ಇಲ್ಲ. 2019ರಿಂದ ಜಗತ್ತಿನಲ್ಲೆಲ್ಲ ಜಾರಿಗೆ ಬಂದ ಪರಿಷ್ಕೃತ ನಿಯಮಾವಳಿಯು ಹಿಂದಿನ ಮೂವತ್ತನಾಲ್ಕು ನಿಯಮಗಳನ್ನು ಇಪ್ಪತ್ತನಾಲ್ಕಕ್ಕೆ ಇಳಿಸಿ, ಆಟಗಾರನ ನಡತೆಯನ್ನು ಮೊದಲನೆಯ ನಿಯಮದೊಳಕ್ಕೇ ತಂದಿದೆ. ಅದು ಕೇಳುವುದಾದರೂ ಏನು? ಪ್ರಾಮಾಣಿಕತೆ, ಇತರರ ವಿಷಯದಲ್ಲಿ ಗೌರವ, ನೆಲದ ವಿಷಯದಲ್ಲಿ ಎಚ್ಚರ: ಈ ಮೂರೇ. ಹೀಗಿರುವಾಗ ಉಡುಪಿನ ಮಡಿಯನ್ನು ಆಟದ ಮರ್ಯಾದೆಯೆಂದು ಕರೆಯುವುದು ಆಟಕ್ಕೇ ಮಾಡುವ ಅಪಚಾರ.

ಈ ಮಡಿಯ ಫಲವೇನೆಂಬುದಕ್ಕೆ ದೃಷ್ಟಾಂತಗಳನ್ನು ದೂರ ಹುಡುಕಬೇಕಾಗಿಲ್ಲ. 2017ರ ಜೂನ್ ತಿಂಗಳಲ್ಲಿ ದೆಹಲಿಯ ಗಾಲ್ಫ್ ಕ್ಲಬ್ಬಿಗೆ, ಸದಸ್ಯರೊಬ್ಬರ ಆಹ್ವಾನದ ಮೇರೆಗೆ, ಮೇಘಾಲಯದ ಮಹಿಳೆಯೊಬ್ಬರು ತಮ್ಮ ಯಜಮಾನಿಯೊಡನೆ ಊಟಕ್ಕೆ ಹೋಗಿದ್ದರು. ಖಾಸಿ ಜನರ ಸಾಂಪ್ರದಾಯಿಕ ಉಡುಗೆಯಾದ ಜೈನ್ಸೆಮ್ ಅನ್ನು ಉಟ್ಟಿದ್ದರು. ನೋಡುವುದಕ್ಕೆ ಮನೆಗೆಲಸದವಳಂತೆ ಕಾಣುತ್ತೀರೆಂದು ಹೇಳಿ ಅವರನ್ನು ಊಟದ ಕೋಣೆಯಿಂದ ಎಬ್ಬಿಸಲಾಯಿತು. ದೇಶದಲ್ಲೆಲ್ಲ ಕೂಗೆದ್ದ ಮೇಲೆ ಕ್ಲಬ್ಬಿನವರು ವಿಷಾದ ವ್ಯಕ್ತಪಡಿಸಿದರು. ಆದರೆ ಉಟ್ಟ ಬಟ್ಟೆ ಮಾತ್ರವೇ ಇಲ್ಲಿ ತಪ್ಪಾಗಿ ಕಂಡಿತೆ? ಮನೆಗೆಲಸದವಳಾದರೆ ಮೇಜಿನ ಮುಂದೆ ಕೂರುವುದು ಅಪರಾಧವೆ? ಸ್ವತಂತ್ರ ಭಾರತದ ರಾಜಧಾನಿಯಲ್ಲಿ, ಸರ್ಕಾರದಿಂದ ಗುತ್ತಿಗೆಗೆ ಪಡೆದ ನೆಲದ ಮೇಲೆ, ಈ ದೇಶದ ಒಂದು ಪ್ರಾಂತದ ಸ್ತ್ರೀಯು ತನ್ನ ತಾಯ್ನೆಲದ ಉಡುಗೆಯುಟ್ಟು ಅನ್ನಕ್ಕೆ ಕೂತದ್ದು ಅನುಚಿತವೆನಿಸಿತೆಂದರೆ ಅದಕ್ಕಿಂತ ಹೆಚ್ಚಿನ ಅನುಚಿತವನ್ನು ನಾವು ಕಾಣೆವು.

ಗಾಲ್ಫ್ ಕ್ಲಬ್ಬುಗಳಿಗೆ ಮಾತ್ರವೇ ಅಂಟಿದ ರೋಗವಿದಲ್ಲ. 1988ರಲ್ಲಿ ಬೊಂಬಾಯಿಯ ಒಂದು ದೊಡ್ಡ ಕ್ಲಬ್ಬು ಚಿತ್ರಕಾರ ಎಂ. ಎಫ್. ಹುಸೇನರನ್ನು ಬರಿಗಾಲಿನಲ್ಲಿ ಬಂದರೆಂಬ ಕಾರಣಕ್ಕೆ ಹಿಂದಕ್ಕೆ ಕಳುಹಿಸಿತು. 2014ರ ಜುಲೈಯಲ್ಲಿ ಮದರಾಸಿನ ಕ್ರಿಕೆಟ್ ಕ್ಲಬ್ಬೊಂದರ ಬಾಗಿಲಿನಲ್ಲಿ, ಪುಸ್ತಕ ಬಿಡುಗಡೆಯ ಸಮಾರಂಭಕ್ಕೆ ಬಂದಿದ್ದ ಹೈಕೋರ್ಟಿನ ನ್ಯಾಯಮೂರ್ತಿಗಳನ್ನೇ ಪಂಚೆಯುಟ್ಟಿದ್ದಾರೆಂದು ತಡೆದರು. ತಮಿಳುನಾಡಿನ ಸರ್ಕಾರವು ಕೈಕಟ್ಟಿ ಕೂರಲಿಲ್ಲ. ಮರು ತಿಂಗಳಲ್ಲಿಯೇ, ದೇಶೀಯ ಉಡುಗೆಯ ಕಾರಣದಿಂದ ಯಾರನ್ನೂ ಇಂತಹ ಸ್ಥಳಗಳಲ್ಲಿ ತಡೆಯಕೂಡದೆಂದು ಶಾಸನಸಭೆಯಲ್ಲಿ ಮಸೂದೆಯನ್ನು ಅಂಗೀಕರಿಸಿತು. ನಮ್ಮಲ್ಲಿ 2024ರ ಜುಲೈಯಲ್ಲಿ ಹಾವೇರಿ ಜಿಲ್ಲೆಯ ವೃದ್ಧ ರೈತರೊಬ್ಬರನ್ನು ಪಂಚೆಯುಟ್ಟ ಕಾರಣಕ್ಕೆ ಬೆಂಗಳೂರಿನ ಮಾಲೊಂದರ ಬಾಗಿಲಿನಲ್ಲಿ ತಡೆದಾಗ, ಸರ್ಕಾರದವರು ಅದನ್ನು ಏಳು ದಿನ ಮುಚ್ಚಿಸುವುದಾಗಿ ಸಾರಿದರು. ಕೋಪ ಬಂದ ದಿನ ಬಾಗಿಲು ಮುಚ್ಚಿಸುವುದು ಸುಲಭ. ನಾಳೆ ಬರುವ ಇನ್ನೊಬ್ಬ ರೈತನಿಗೆ ಬಾಗಿಲು ತೆರೆದಿರುವಂತೆ ನೋಡಿಕೊಳ್ಳುವುದು ಕಷ್ಟ. ನಮಗೆ ಬೇಕಾದುದು ಈ ಎರಡನೆಯದು.

ಇದಕ್ಕೆ ಪ್ರತಿಯಾಗಿ ಕ್ಲಬ್ಬಿನ ಮಹನೀಯರು ಹೇಳುವ ಮಾತನ್ನೂ ನಾವು ಬಲ್ಲೆವು. ಸಂಘ ಕಟ್ಟಿಕೊಳ್ಳುವ ಹಕ್ಕನ್ನು ರಾಜ್ಯಾಂಗವೇ ಕೊಟ್ಟಿದೆ. ನಮ್ಮ ಮನೆಯ ನಿಯಮವನ್ನು ನಾವು ಮಾಡಿಕೊಳ್ಳುತ್ತೇವೆ. ಒಪ್ಪಿದವರು ಬರಲಿ, ಒಪ್ಪದವರು ಬಿಡಲಿ. ದೇವಸ್ಥಾನಗಳಲ್ಲಿಯೂ ಉಡುಪಿನ ಕಟ್ಟಳೆ ಇಲ್ಲವೆ? ಎಂದು ಅವರು ಕೇಳುತ್ತಾರೆ. ಈ ವಾದದಲ್ಲಿ ಹುರುಳಿಲ್ಲವೆಂದು ನಾವು ಹೇಳುವುದಿಲ್ಲ. ನಿಯಮವಿಲ್ಲದ ಸಂಘವು ಸಂತೆಯಾಗುತ್ತದೆ. ಹುಲ್ಲನ್ನು ಸೀಳುವ ಪಾದರಕ್ಷೆಗಳನ್ನು ನುಣುಪಾದ ಗ್ರೀನಿನ ಮೇಲೆ ಬೇಡವೆನ್ನುವುದು ನ್ಯಾಯ. ಆಟಕ್ಕೆ ಒಗ್ಗುವ ಉಡುಪನ್ನು ಆಟದ ವೇಳೆಯಲ್ಲಿ ಕೇಳುವುದೂ ನ್ಯಾಯ. ನಮ್ಮ ಅಳತೆಗೋಲು ಬಹು ಸರಳವಾದದ್ದು: ಈ ನಿಯಮದಿಂದ ಯಾರಿಗೆ ರಕ್ಷಣೆ? ಹುಲ್ಲಿಗೋ, ಪಕ್ಕದವನ ತಲೆಗೋ, ಆಟದ ಸತ್ಯಕ್ಕೋ ರಕ್ಷಣೆಯಾಗುವುದಾದರೆ ಅದು ಇರಲಿ. ಕೆಲವರ ದೊಡ್ಡಸ್ತಿಕೆಗೆ ಮಾತ್ರವೇ ರಕ್ಷಣೆಯಾಗುವುದಾದರೆ ಅದು ಹೋಗಲಿ. ಒಗೆದು ಶುಭ್ರವಾದ ಪಂಚೆಯಿಂದ ಊಟದ ಮೇಜಿಗೆ ಯಾವ ಗಾಯವೂ ಆಗದು.

ನಮ್ಮ ಹಿರಿಯರ ಮನೆಗಳಲ್ಲಿ ಪಂಕ್ತಿಭೇದವಿತ್ತು. ಅದನ್ನು ನಾವೇ ಕಂಡಿದ್ದೇವೆ. ಅದರ ವಿರುದ್ಧ ಈ ಪತ್ರಿಕೆಯಲ್ಲಿ ಬರೆದು ಸ್ವಜನರ ಬೈಗುಳನ್ನೂ ತಿಂದಿದ್ದೇವೆ. ಆ ಪಂಕ್ತಿಭೇದವನ್ನು ಮೌಢ್ಯವೆಂದು ಜರೆದ ವಿದ್ಯಾವಂತರೇ ಸಂಜೆ ಕ್ಲಬ್ಬಿಗೆ ಹೋಗಿ, ಬೆಳಗಿನಿಂದ ತಮ್ಮ ಚೀಲವನ್ನು ಹೊತ್ತ ಕ್ಯಾಡಿಯನ್ನು ಹೊರಗೆ ನಿಲ್ಲಿಸಿ ಒಳಗೆ ಚಹಾ ಕುಡಿಯುವುದಾದರೆ, ಪುರಾಣ ಹೇಳುವುದಕ್ಕೆ ಬದನೆಕಾಯಿ ತಿನ್ನುವುದಕ್ಕೆ ಎಂಬ ಗಾದೆ ಅವರಿಗೆ ಸಲ್ಲುವುದಿಲ್ಲವೆ? ಕ್ಯಾಡಿಯೆಂದರೆ ಅಗ್ಗದವನಲ್ಲ. 1991ರಲ್ಲಿ ಇಂಡಿಯನ್ ಓಪನ್ ಪಂದ್ಯವನ್ನು ಗೆದ್ದ ಮೊದಲ ಭಾರತೀಯ ವೃತ್ತಿಪರ ಆಟಗಾರನಾದ ಅಲಿ ಶೇರನು ಕ್ಯಾಡಿಯಾಗಿ ಚೀಲ ಹೊತ್ತೇ ಆಟವನ್ನು ಕಲಿತವನು; 1993ರಲ್ಲಿ ಮತ್ತೊಮ್ಮೆ ಗೆದ್ದನು. ಯಾರ ಕೈಯಲ್ಲಿ ಇಂತಹ ವಿದ್ಯೆ ಅಡಗಿದೆಯೋ ಅಂಥವನಿಗೆ ಕುಡಿಯುವ ನೀರು, ನೆರಳು, ಗೊತ್ತಾದ ಕೂಲಿ, ಹೆಸರು ಹಿಡಿದು ಕರೆಯುವ ಸೌಜನ್ಯ, ಇವನ್ನು ಕೊಡಲಾರದ ಸದಸ್ಯನಿಗೆ ಯಾವ ಕಾಲರೂ ಸಭ್ಯತೆಯನ್ನು ತಂದುಕೊಡಲಾರದು.

ಹಳೆಯ ನಿಯಮವನ್ನು ಬದಲಿಸಿದರೆ ಕ್ಲಬ್ಬೇ ಮುಳುಗುತ್ತದೆಂದು ಹೆದರುವವರು ಆಟದ ತವರುಮನೆಯ ಕಡೆಗಾದರೂ ನೋಡಲಿ. 1744ರಲ್ಲಿ ಮೊದಲ ನಿಯಮಗಳನ್ನು ಬರೆದವರ ಪರಂಪರೆಯ ಕ್ಲಬ್ಬು ಇಂದು ಸ್ಕಾಟ್‌ಲೆಂಡಿನ ಮ್ಯೂರ್‌ಫೀಲ್ಡಿನಲ್ಲಿದೆ. ಸ್ತ್ರೀಯರನ್ನು ಸದಸ್ಯರನ್ನಾಗಿ ಸೇರಿಸಿಕೊಳ್ಳುವ ಪ್ರಶ್ನೆಯು 2016ರಲ್ಲಿ ಅಲ್ಲಿ ಮತಕ್ಕೆ ಬಂದಾಗ ಬೇಕಾದ ಮೂರನೆಯ ಎರಡು ಪಾಲು ಬೆಂಬಲ ಸಿಕ್ಕಲಿಲ್ಲ. ಕೂಡಲೆ ಬ್ರಿಟನ್ನಿನ ಓಪನ್ ಪಂದ್ಯವನ್ನು ಅಲ್ಲಿ ನಡೆಸುವುದಿಲ್ಲವೆಂದು ಆಟದ ಆಡಳಿತ ಸಂಸ್ಥೆಯು ತಿಳಿಸಿತು. ಮರು ವರ್ಷ ಮತ್ತೆ ಮತ ತೆಗೆದಾಗ ನೂರಕ್ಕೆ ಎಂಬತ್ತರಷ್ಟು ಸದಸ್ಯರು ಒಪ್ಪಿದರು. ಸೇಂಟ್ ಆಂಡ್ರೂಸಿನ ಪ್ರಸಿದ್ಧ ಕ್ಲಬ್ಬು 2014ರಲ್ಲಿಯೇ ಒಪ್ಪಿತ್ತು. ಅಮೆರಿಕೆಯ ಆಗಸ್ಟಾದ ಕ್ಲಬ್ಬು 1990ರಲ್ಲಿ ಮೊದಲ ಕರಿಯ ಸದಸ್ಯನನ್ನೂ 2012ರಲ್ಲಿ ಮೊದಲ ಮಹಿಳಾ ಸದಸ್ಯರನ್ನೂ ಬರಮಾಡಿಕೊಂಡಿತು. ಆಕಾಶವೇನೂ ಕಳಚಿ ಬೀಳಲಿಲ್ಲ. ನಿಯಮವನ್ನು ಹುಟ್ಟಿಸಿದವರೇ ಅದನ್ನು ತಿದ್ದಿಕೊಳ್ಳುತ್ತಿರುವಾಗ, ಎರವಲು ತಂದುಕೊಂಡ ನಾವು ಅದನ್ನು ವೇದವಾಕ್ಯವೆಂದು ಹಿಡಿದು ಕೂರುವುದು ಹಾಸ್ಯಾಸ್ಪದ.

ಸದಸ್ಯರ ಮೇಲೆ ಕ್ರಮ ಕೈಗೊಳ್ಳುವ ವಿಷಯದಲ್ಲಿಯೂ ಒಂದೆರಡು ಮಾತು ಅವಶ್ಯ. ನಡತೆಯ ನಿಯಮವೆಂದರೆ ಕಾರ್ಯದರ್ಶಿಯ ಮರ್ಜಿಯಲ್ಲ. ನಮ್ಮ ಬೆಳಗಾವಿಯ ಲಾಡ್ಜ್ ವಿಕ್ಟೋರಿಯಾ ಎಂಬ ಫ್ರೀಮೇಸನ್ ಸಂಸ್ಥೆಯಿಂದ ಹೊರಹಾಕಲ್ಪಟ್ಟ ಸದಸ್ಯರೊಬ್ಬರು ಸುಪ್ರೀಂ ಕೋರ್ಟಿನವರೆಗೆ ಹೋದರು. 1962ರಲ್ಲಿ ಆ ನ್ಯಾಯಸ್ಥಾನವು ಅವರ ಮನವಿಯನ್ನು ತಳ್ಳಿಹಾಕಿತಾದರೂ ಎಲ್ಲ ಸಂಘಗಳೂ ನೆನಪಿಡಬೇಕಾದ ತತ್ತ್ವವನ್ನು ಸಾರಿತು: ಸೇರಿದ ಸದಸ್ಯನು ಸಂಘದ ನಿಯಮಗಳಿಗೆ ಬದ್ಧನು, ಸಂಘವೂ ಅವೇ ನಿಯಮಗಳಿಗೆ ಕಟ್ಟುನಿಟ್ಟಾಗಿ ಬದ್ಧವಾಗಿ, ಸದುದ್ದೇಶದಿಂದ, ಸಹಜ ನ್ಯಾಯದ ಮೇರೆಗೆ ನಡೆಯಬೇಕು. ಅಂದರೆ, ಆಪಾದನೆಯನ್ನು ತಿಳಿಸಿ, ಉತ್ತರ ಕೊಡಲು ಅವಕಾಶ ಕೊಟ್ಟು, ಅನಂತರವೇ ದಂಡಿಸಬೇಕು. ಅದರಂತೆಯೇ ದೊಡ್ಡ ಹೆಸರಿನವರಿಗೊಂದು ನ್ಯಾಯ, ಸಣ್ಣವರಿಗೊಂದು ನ್ಯಾಯ ಆಗಕೂಡದು. ಬೆಂಗಳೂರು ಕ್ಲಬ್ಬಿನ ಹಳೆಯ ಲೆಕ್ಕದ ಪುಸ್ತಕದಲ್ಲಿ ವಸೂಲಾಗದ ಬಾಕಿಗಳ ಸಾಲಿನಲ್ಲಿ ಲೆಫ್ಟೆನೆಂಟ್ ಚರ್ಚಿಲ್ಲರ ಹೆಸರಿನ ಮುಂದೆ ಹದಿಮೂರು ರೂಪಾಯಿ ಇರುವುದನ್ನು ಇಂದಿಗೂ ಹೆಮ್ಮೆಯಿಂದ ತೋರಿಸುತ್ತಾರೆ. ಉಡುಪಿನಲ್ಲಿ ಆ ಯುವಕ ಅಧಿಕಾರಿಯು ಯಾವ ಲೋಪವನ್ನೂ ಮಾಡಿರಲಾರನು. ಬಾಕಿಯನ್ನು ಮಾತ್ರ ತೀರಿಸಲಿಲ್ಲ. ಸಭ್ಯತೆಯು ಬಟ್ಟೆಯಲ್ಲಿಲ್ಲವೆಂಬುದಕ್ಕೆ ಇದಕ್ಕಿಂತ ಒಳ್ಳೆಯ ದಾಖಲೆ ಬೇಕಿಲ್ಲ.

ಆದಕಾರಣ ನಮ್ಮ ಸಲಹೆಗಳು ಇವು. ಒಂದು, ಆಟದ ಮೈದಾನಕ್ಕೆ ಬೇಕಾದ ನಿಯಮಗಳನ್ನೂ ಕಟ್ಟಡದೊಳಗಿನ ನಿಯಮಗಳನ್ನೂ ಬೇರ್ಪಡಿಸಿ, ಎರಡನೆಯದರಲ್ಲಿ ದೇಶದ ಎಲ್ಲ ಜನರ ಸಾಂಪ್ರದಾಯಿಕ ಉಡುಗೆಗಳಿಗೂ ಸ್ಪಷ್ಟವಾದ ಮಾತುಗಳಲ್ಲಿ ಸ್ಥಾನವಿರಬೇಕು. ಎರಡು, ಕರ್ನಾಟಕದ ಕ್ಲಬ್ಬುಗಳು ತಮ್ಮ ನಿಯಮಗಳನ್ನು ಕನ್ನಡದಲ್ಲಿಯೂ ಅಚ್ಚುಮಾಡಿಸಿ, ಕ್ಯಾಡಿಗಳೂ ಸೇವಕರೂ ಓದುವಂತೆ ತೂಗುಹಾಕಬೇಕು. ಮೂರು, ಸದಸ್ಯನು ಸೇವಕನನ್ನು ಅವಮಾನಿಸಿದರೆ, ಸಹಸದಸ್ಯನನ್ನು ಅವಮಾನಿಸಿದಷ್ಟೇ ದೊಡ್ಡ ಅಪರಾಧವೆಂದು ಎಣಿಸಬೇಕು. ನಾಲ್ಕು, ಸರ್ಕಾರದ ನೆಲವನ್ನು ಗುತ್ತಿಗೆಗೆ ಕೊಡುವಾಗ ಮತ್ತು ನವೀಕರಿಸುವಾಗ ಈ ಷರತ್ತುಗಳನ್ನು ಗುತ್ತಿಗೆ ಪತ್ರದಲ್ಲಿಯೇ ಬರೆಯಿಸಬೇಕು. ಈ ನಾಲ್ಕನೆಯದಕ್ಕೆ ಸಹಿ ಹಾಕುವ ಕೈಗಳೂ ಕ್ಲಬ್ಬಿನಲ್ಲಿ ಕೋಲು ಹಿಡಿಯುವ ಕೈಗಳೂ ಅನೇಕ ವೇಳೆ ಒಂದೇ ಆಗಿರುತ್ತವೆಂಬುದನ್ನು ಬಲ್ಲೆವಾದ್ದರಿಂದಲೇ ನಮ್ಮ ಬಿನ್ನಹವನ್ನು ಅಧಿಕಾರಿವರ್ಗದವರಿಗೆ ವಿಶೇಷವಾಗಿ ಅರ್ಪಿಸಿದ್ದೇವೆ.

ತಾನು ಮೂಡಿಸಿದ ಹೆಜ್ಜೆಯ ಗುರುತನ್ನು ಮರಳಿನಿಂದ ಅಳಿಸಿ ಬರಬೇಕೆಂದು ಆಟವು ಕಲಿಸುತ್ತದೆ. ಹೋದ ದೊರೆಗಳು ಆ ವಿಧಿಯನ್ನು ಮರೆತು ತಮ್ಮ ಹೆಜ್ಜೆಗಳನ್ನು ನಮ್ಮ ಕ್ಲಬ್ಬುಗಳ ಹೊಸಿಲಿನ ಮೇಲೆ ಬಿಟ್ಟುಹೋದರು. ಹರಗುವ ಕೆಲಸವು ಈಗ ನಮ್ಮ ಪಾಲಿನದು.