ನಿಷೇಧಕ್ಕೆ ಕನ್ನಡ, ನಿಜಕ್ಕೆ ಇಂಗ್ಲಿಷ್!



ಈ ಸಲ ಬೋರ್ಡಿನ ಮಾತಲ್ಲ, ಮಸಿಯ ಮಾತೂ ಅಲ್ಲ. ಚಟ್ನಿಯ ಮಾತು. ನಗಬೇಡಿ. ಒಂದು ಚಮಚ ಚಟ್ನಿಯಲ್ಲಿ ನನ್ನ ಎಂಟು ವರ್ಷದ ಮಗಳ ಉಸಿರು ನಿಲ್ಲುವುದರಲ್ಲಿತ್ತು. ಹಾಗಾಗಿ ಈ ಸಂಚಿಕೆಯ ಸಂಪಾದಕೀಯ ಅದಕ್ಕೇ ಮೀಸಲು.

ಅವಳಿಗೆ ಶೇಂಗಾ ಆಗುವುದಿಲ್ಲ. ಗೇರುಬೀಜವೂ ಆಗುವುದಿಲ್ಲ. ಆಗುವುದಿಲ್ಲವೆಂದರೆ ಅಜೀರ್ಣವಲ್ಲ, ಹಟವಲ್ಲ, ಪೇಟೆ ಮಕ್ಕಳ ಸೊಕ್ಕೂ ಅಲ್ಲ. ಒಂದು ಕಾಳು ಹೊಟ್ಟೆಗೆ ಹೋದರೆ ಸಾಕು, ಮೈಮೇಲೆ ದದ್ದು ಏಳುತ್ತದೆ, ತುಟಿ ಊದುತ್ತದೆ, ಗಂಟಲು ಕಟ್ಟುತ್ತದೆ, ರಕ್ತದೊತ್ತಡ ಕುಸಿಯುತ್ತದೆ. ಆಗ ಬೇಕಾದದ್ದು ಅಡ್ರಿನಲಿನ್ ಚುಚ್ಚುಮದ್ದು, ತೊಡೆಯ ಹೊರಬದಿಯ ಮಾಂಸಖಂಡಕ್ಕೆ, ನಿಮಿಷಗಳೊಳಗೆ. ತುರಿಕೆಗೆ ಕೊಡುವ ಮಾತ್ರೆ ಆ ಹೊತ್ತಿಗೆ ಸಾಲದು. ಪರದೇಶಗಳಲ್ಲಿ ಪೆನ್ನಿನಂಥ ಸಿದ್ಧ ಇಂಜೆಕ್ಷನ್ ಜೇಬಿನಲ್ಲಿಟ್ಟುಕೊಂಡು ಓಡಾಡುತ್ತಾರೆ. ನಮ್ಮ ಊರುಗಳ ಔಷಧ ಅಂಗಡಿಯಲ್ಲಿ ಅದು ಸುಲಭಕ್ಕೆ ಸಿಗುವುದಿಲ್ಲ. ನಮ್ಮ ಡಾಕ್ಟರು ಒಂದು ಪುಟ್ಟ ಗಾಜಿನ ಶೀಸೆ, ಸಿರಿಂಜು, ಮಗುವಿನ ತೂಕ ನೋಡಿ ಬರೆದ ಪ್ರಮಾಣದ ಚೀಟಿ ಕೊಟ್ಟು, ನನಗೂ ಹೆಂಡತಿಗೂ ಚುಚ್ಚುವುದನ್ನು ಕಲಿಸಿದ್ದಾರೆ. ಆ ಡಬ್ಬಿ ಇಲ್ಲದೆ ನಾವು ಕಿನ್ನರದಿಂದ ಕಾರವಾರ ಪೇಟೆಗೂ ಹೋಗುವುದಿಲ್ಲ.

2025ರ ಮೇ ರಜೆಯಲ್ಲಿ ಮಗಳು ಹಟ ಹಿಡಿದಳು. ಶಾಲೆಯ ಗೆಳತಿಯರೆಲ್ಲ ನೀರಾಟದ ಪಾರ್ಕಿಗೆ ಹೋಗಿ ಬಂದಿದ್ದಾರೆ, ತಾನೊಬ್ಬಳೇ ಹೋಗಿಲ್ಲ ಎಂದು. ಒಂದು ವಾರ ಪ್ರೆಸ್ಸಿಗೆ ಬೀಗ ಹಾಕಿ ಹೊರಟೆವು. ಪಾರ್ಕಿನ ಹೆಸರು ಹೇಳುವುದಿಲ್ಲ. ಒಂದನ್ನು ಬೈದರೆ ಉಳಿದವರು ಬಚಾವಾಗುತ್ತಾರೆ. ನಮ್ಮ ರಾಜ್ಯದೊಳಗಿನದೇ, ನಮ್ಮ ನೆಲದ ಮೇಲೆಯೇ ನಿಂತದ್ದು ಎಂದಷ್ಟೇ ತಿಳಿಯಿರಿ.

ಬಾಗಿಲಲ್ಲಿ ದೊಡ್ಡ ಫಲಕ. ಕನ್ನಡವೇ! ಅದೂ ಮೇಲ್ಗಡೆ, ದಪ್ಪ ಅಕ್ಷರದಲ್ಲಿ: ಹೊರಗಿನ ಆಹಾರ ನಿಷೇಧಿಸಲಾಗಿದೆ. ಶೇಕಡಾ 60ರ ಕಾನೂನು ಚೆನ್ನಾಗಿ ಪಾಲಿಸಿದ್ದರು. ನಾಲ್ಕು ಗಂಟೆಗೆ ಎದ್ದು ನನ್ನಾಕೆ ಕಟ್ಟಿಕೊಂಡಿದ್ದ ಡಬ್ಬಿ ಅಲ್ಲೇ ಉಳಿಯಿತು. ಮಗುವಿಗೆ ಅಲರ್ಜಿ ಇದೆ ಎಂದೆವು, ಡಾಕ್ಟರ ಚೀಟಿ ತೋರಿಸಿದೆವು. ಕಾವಲುಗಾರ ಒಳ್ಳೆಯವನೇ. "ನನ್ನ ಕೈಯಲ್ಲಿಲ್ಲ ಸಾರ್" ಎಂದ. ಇರಲಿಕ್ಕಿಲ್ಲ. ಇಂಥ ಜಾಗಗಳಲ್ಲಿ ಯಾವುದೂ ಎದುರಿಗೆ ನಿಂತವನ ಕೈಯಲ್ಲಿ ಇರುವುದಿಲ್ಲ.

ಒಳಗೆ ಕನ್ನಡ ಮುಗಿಯಿತು. ಶೌಚಾಲಯ, ಅಪಾಯ, ಸರದಿಯಲ್ಲಿ ನಿಲ್ಲಿ, ಹಣ ವಾಪಸಿಲ್ಲ, ಇಷ್ಟಕ್ಕೆ ಮಾತ್ರ ಕನ್ನಡ. ಊಟದ ಪಟ್ಟಿ ಪೂರಾ ಇಂಗ್ಲಿಷ್. ಯಾವ ತಿನಿಸಿನಲ್ಲಿ ಏನು ಬಿದ್ದಿದೆ ಎಂಬುದು ಯಾವ ಭಾಷೆಯಲ್ಲೂ ಇಲ್ಲ. ನಮ್ಮನ್ನು ಗದರಿಸಲಿಕ್ಕೆ ಕನ್ನಡ ಬೇಕು, ನಮಗೆ ನಿಜ ಹೇಳಲಿಕ್ಕೆ ಬೇಡ!

ಮಧ್ಯಾಹ್ನ ಮಗುವಿಗೆ ಹಸಿವು. ಇಡ್ಲಿ ಸುರಕ್ಷಿತ ಎಂದು ಇಡ್ಲಿ ಕೌಂಟರಿಗೆ ಹೋದೆವು. ನನ್ನಾಕೆ ಕೇಳಿದಳು: "ಚಟ್ನಿಗೆ ಶೇಂಗಾ ಹಾಕಿದ್ದೀರಾ?" ಎದುರಿಗಿದ್ದ ಹುಡುಗನಿಗೆ ಕನ್ನಡ ಬಾರದು. ಹಿಂದಿ ಹುಡುಗ, ಹೊಟ್ಟೆಪಾಡಿಗೆ ಬಂದವನು. ಅವನು ಒಳಗಿನಿಂದ ಇನ್ನೊಬ್ಬನನ್ನು ಕರೆದ. ಬಂದವನು ನಮ್ಮವನೇ, ಹಳೇ ಮೈಸೂರು ಕಡೆಯ ಅಚ್ಚಕನ್ನಡದ ಹುಡುಗ. ನಮಗೆ ಜೀವ ಬಂತು. ಅವನೆಂದ: "ಶೇಂಗಾ ಗಿಂಗಾ ಏನಿಲ್ಲ ಅಕ್ಕಾ, ತೆಂಗಿನಕಾಯಿ, ಕಡ್ಲೆ, ಅಷ್ಟೇ."

ಇಲ್ಲಿ ಸ್ವಲ್ಪ ನಿಲ್ಲಿ. ನಮ್ಮ ಕಾರವಾರ, ಅಂಕೋಲೆ ಕಡೆ ಶೇಂಗಾಕ್ಕೆ ಶೇಂಗಾ ಎಂದೇ ಹೆಸರು. ಕಡಲೆ ಎಂದರೆ ನಮಗೆ ಕಡಲೆಬೇಳೆಯ ಕಡಲೆ, ಉಸುಳಿ ಮಾಡುವ ಕಡಲೆ. ಅದನ್ನು ನಮ್ಮ ಮಗಳು ದಿನಾ ತಿನ್ನುತ್ತಾಳೆ. ಆ ಹುಡುಗನ ಊರಲ್ಲಿ ಶೇಂಗಾಕ್ಕೇ ಕಡಲೇಕಾಯಿ, ಕಡ್ಲೇಬೀಜ, ಬಾಯಿಮಾತಿನಲ್ಲಿ ಬರೀ ಕಡ್ಲೆ. ಅವನು ಸುಳ್ಳು ಹೇಳಲಿಲ್ಲ. ನನ್ನಾಕೆ ತಪ್ಪು ಕೇಳಲಿಲ್ಲ. ಇಬ್ಬರು ಕನ್ನಡಿಗರು ಕನ್ನಡದಲ್ಲೇ ಮಾತಾಡಿ, ಮಗುವಿನ ಬಾಯಿಗೆ ವಿಷ ಹಾಕಿದರು.

ಐದು ನಿಮಿಷ ಆಗಿರಲಿಕ್ಕಿಲ್ಲ, ಮಗಳು ಕೆಮ್ಮಲು ಶುರುಮಾಡಿದಳು. ತುಟಿ ದಪ್ಪಗಾಯಿತು. "ಅಪ್ಪಾ, ಗಂಟಲು" ಎಂದವಳ ದನಿ ಅವಳದಾಗಿರಲಿಲ್ಲ. ನಾನು ಶೀಸೆ ಒಡೆದೆ, ಕೈ ನಡುಗಿ ಮೊದಲನೆಯದು ಚೂರಾಯಿತು. ಎರಡನೆಯದನ್ನು ನನ್ನಾಕೆ ಒಡೆದು ಚುಚ್ಚಿದಳು. ಪ್ರಥಮ ಚಿಕಿತ್ಸೆಯ ಕೋಣೆಯಲ್ಲಿದ್ದ ನರ್ಸು ಮಲಯಾಳಿ ಹೆಣ್ಣುಮಗಳು. ಅರ್ಧಂಬರ್ಧ ಕನ್ನಡದಲ್ಲೇ ಧೈರ್ಯ ಹೇಳುತ್ತ, ಮಗುವನ್ನು ಮಲಗಿಸಿ ಕಾಲು ಎತ್ತರಕ್ಕಿಟ್ಟು, ಗಾಡಿ ಕರೆಸಿ ಆಸ್ಪತ್ರೆಯ ತನಕ ಬಂದಳು. ಅಚ್ಚಕನ್ನಡದವನ ಮಾತಿನಿಂದ ಕೆಟ್ಟದ್ದನ್ನು ಅರ್ಧ ಕನ್ನಡದವಳು ಸರಿಮಾಡಿದಳು. ಇದನ್ನು ಬರೆಯದಿದ್ದರೆ ನನ್ನ ಪತ್ರಿಕೆಗೆ ಮರ್ಯಾದೆಯಿಲ್ಲ. ಒಮ್ಮೆ ಇಳಿದ ರೋಗ ಕೆಲವು ತಾಸುಗಳ ಮೇಲೆ ಮತ್ತೆ ಏರಬಹುದು ಎಂದು ರಾತ್ರಿಯಿಡೀ ಇರಿಸಿಕೊಂಡರು. ಮಗಳು ಬದುಕಿದಳು. ನೀರಾಟ ಆಡಲಿಲ್ಲ.

ಈಗ ಕಾನೂನಿಗೆ ಬರೋಣ. ಬೀದಿಗಿಳಿಯುವ ನೀವು ಇದನ್ನು ಬಾಯಿಪಾಠ ಮಾಡಿಕೊಳ್ಳಬೇಕು.

ದೇಶದಲ್ಲಿ ಮಾರುವ ಆಹಾರ ಪೊಟ್ಟಣದ ಮೇಲಿನ ವಿವರಗಳಿಗೆ 2020ರ ಕೇಂದ್ರ ಲೇಬಲ್ ನಿಯಮ ಇದೆ. ಎಂಟು ಬಗೆಯ ಅಲರ್ಜಿ ಪದಾರ್ಥಗಳನ್ನು ಬೇರೆಯಾಗಿ ಹೇಳಲೇಬೇಕು: ಗೋಧಿಯಂಥ ಗ್ಲುಟೆನ್ ಧಾನ್ಯ, ಸಿಗಡಿ ಏಡಿಯಂಥವು, ಹಾಲು, ಮೊಟ್ಟೆ, ಮೀನು, ಶೇಂಗಾ ಮತ್ತು ಗೋಡಂಬಿ ಬಾದಾಮಿಯಂಥ ಬೀಜಗಳು, ಸೋಯಾ, ನಿಗದಿತ ಪ್ರಮಾಣ ಮೀರಿದ ಸಲ್ಫೈಟು. ಒಳ್ಳೆಯ ನಿಯಮ. ಆದರೆ ಯಾವ ಭಾಷೆಯಲ್ಲಿ? ಇಂಗ್ಲಿಷಿನಲ್ಲಿ, ಇಲ್ಲವೇ ದೇವನಾಗರಿಯಲ್ಲಿ ಬರೆದ ಹಿಂದಿಯಲ್ಲಿ. ಬೇರೆ ಭಾಷೆಯನ್ನು ಜೊತೆಗೆ ಸೇರಿಸಿದರೆ ಅಡ್ಡಿಯಿಲ್ಲವಂತೆ! ಅಡ್ಡಿಯಿಲ್ಲ ಎಂಬ ಆ ಉದಾರ ಮಾತಿನ ಮೇಲೆ ಕೋಟಿಗಟ್ಟಲೆ ಕನ್ನಡಿಗರ ಜೀವ ನಿಂತಿದೆ. 2011ರ ಜನಗಣತಿಯಲ್ಲಿ ಕನ್ನಡ ಮನೆಮಾತಿನವರೇ 4 ಕೋಟಿ 37 ಲಕ್ಷ. ನನ್ನಂಥವರನ್ನು ಅದರಲ್ಲಿ ಲೆಕ್ಕಕ್ಕೆ ಹಿಡಿದಿಲ್ಲ. ನನ್ನ ಮನೆಮಾತು ಕೊಂಕಣಿ.

ಹೌದು, ಕೊಂಕಣಿ. ಕಾಳಿ ದಂಡೆಯ ನಮ್ಮೂರಲ್ಲಿ ಬಹುಪಾಲು ಮನೆಗಳಲ್ಲಿ ಹಾಗೆಯೇ. ಆದರೆ ನನ್ನ ಆಯಿ ಕಲಿತದ್ದು ಕನ್ನಡ ಶಾಲೆಯಲ್ಲಿ, ಏಳನೆಯವರೆಗೆ. ಅವಳಿಗೆ ಓದಲು ಬರುವ ಅಕ್ಷರ ಜಗತ್ತಿನಲ್ಲಿ ಒಂದೇ, ಕನ್ನಡದ್ದು. ಈ ನೆಲದಲ್ಲಿ ಕನ್ನಡ ಬರೀ ಕನ್ನಡ ಮನೆಮಾತಿನವರ ಸ್ವತ್ತಲ್ಲ. ತುಳು, ಕೊಂಕಣಿ, ಬ್ಯಾರಿ, ಲಂಬಾಣಿ ಆಡುವ ಲಕ್ಷಾಂತರ ಜನಕ್ಕೆ ಲೋಕವನ್ನು ಓದಿಕೊಡುವ ಕಣ್ಣು ಅದು. 2021ರಲ್ಲಿ ಮಗಳಿಗೆ ನಾಲ್ಕು ವರ್ಷ. ನಾವಿಬ್ಬರೂ ಪ್ರೆಸ್ಸಿನಲ್ಲಿದ್ದಾಗ ಆಯಿ ಅಂಗಡಿಯಿಂದ ಬಿಸ್ಕತ್ತು ತಂದು ಕೊಟ್ಟಳು. ಪೊಟ್ಟಣವನ್ನು ತಿರುಗಿಸಿ ಮುರುಗಿಸಿ ನೋಡಿಯೇ ಕೊಟ್ಟಿದ್ದಳು. ಗೋಡಂಬಿಯ ಚಿತ್ರ ಇರಲಿಲ್ಲ. ಹಿಂಬದಿಯಲ್ಲಿ ಇಂಗ್ಲಿಷಿನಲ್ಲಿ ಇತ್ತು. ಅಂದಿನಿಂದ ಮೊಮ್ಮಗಳಿಗೆ ಕೈಯಾರೆ ಒಂದು ತುತ್ತು ಕೊಡಲು ಆಯಿ ಹೆದರುತ್ತಾಳೆ. "ನಾನು ಓದು ಬಾರದವಳು" ಎನ್ನುತ್ತಾಳೆ. ಈ ಪತ್ರಿಕೆಯ ಕರಡು ತಿದ್ದುವುದು ಅವಳೇ!

ನಮ್ಮ ಸರ್ಕಾರ ಏನೂ ಮಾಡಿಲ್ಲವೇ? ಮಾಡಿದೆ. 2022ರ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮ ಇದೆ. ರಾಜ್ಯದಲ್ಲಿ ತಯಾರಾಗಿ ಇಲ್ಲೇ ಮಾರಾಟವಾಗುವ ಸರಕಿನ ಹೆಸರು, ಬಳಸುವ ಸೂಚನೆ ಕನ್ನಡದಲ್ಲೂ ಇರಬೇಕು ಎಂದು ಅದರಲ್ಲಿದೆ. 2025ರ ಫೆಬ್ರುವರಿಯಲ್ಲಿ ಸರ್ಕಾರ ಅದನ್ನೇ ಆದೇಶವಾಗಿಯೂ ಹೊರಡಿಸಿತು. ಸಂತೋಷ. ಆದರೆ ಹೊರರಾಜ್ಯದಲ್ಲಿ ತಯಾರಾಗಿ ಇಲ್ಲಿಗೆ ಬರುವ ಬಿಸ್ಕತ್ತಿನ ಗತಿ? ಹೆಸರು, ಸೂಚನೆ ಎಂದರೆ ಒಳಗೇನಿದೆ ಎಂಬ ಪಟ್ಟಿಯೂ ಸೇರಿತೇ? ಅದನ್ನು ಬಿಡಿಸಿ ಹೇಳುವವರು ಯಾರು? ಬಿಸ್ಕತ್ತಿನ ಹೆಸರನ್ನು ಕನ್ನಡದಲ್ಲಿ ಓದಿ ಏನು ಮಾಡಲಿ ಸ್ವಾಮೀ, ನನಗೆ ಬೇಕಾದದ್ದು ಅದರ ಹೊಟ್ಟೆಯೊಳಗಿನದು!

ಹೋಟೆಲುಗಳಿಗೂ ನಿಯಮ ಉಂಟು. ಕೇಂದ್ರ ಪರವಾನಗಿ ಪಡೆದ, ಇಲ್ಲವೇ ಹತ್ತು ಮತ್ತು ಹೆಚ್ಚು ಕಡೆ ಶಾಖೆ ಇರುವ ಆಹಾರ ಸಂಸ್ಥೆಗಳು 2022ರಿಂದ ತಮ್ಮ ಪಟ್ಟಿಯಲ್ಲಿ ಅಲರ್ಜಿ ಮಾಹಿತಿ ಕೊಡಬೇಕು. ಉಳಿದವರಿಗೆ ಆ ಹಂಗಿಲ್ಲ. ಪಾರ್ಕಿನೊಳಗಿನ ಕೌಂಟರು ಯಾವ ಲೆಕ್ಕಕ್ಕೆ ಸೇರಿತೋ, ಕೇಳಿದರೆ ಹೇಳುವವರು ಅಲ್ಲಿ ಇರಲಿಲ್ಲ. ಹೊರಗಿನ ಡಬ್ಬಿ ಬೇಡ ಎನ್ನುವವನಿಗೆ ಒಳಗಿನ ತಟ್ಟೆಯ ಜವಾಬ್ದಾರಿ ಇರಬೇಕು. ಎರಡನ್ನೂ ಕಸಿದುಕೊಳ್ಳುವುದು ವ್ಯಾಪಾರವಲ್ಲ.

ಬೇರೆ ದೇಶದವರು ದೇವತೆಗಳಲ್ಲ. 2016ರಲ್ಲಿ ಇಂಗ್ಲೆಂಡಿನ ನತಾಶಾ ಎಂಬ 15 ವರ್ಷದ ಹುಡುಗಿ ಲಂಡನ್ ವಿಮಾನ ನಿಲ್ದಾಣದಲ್ಲಿ ಕೊಂಡ ಬ್ರೆಡ್ಡು ತಿಂದು ಸತ್ತಳು. ಹಿಟ್ಟಿನೊಳಗೇ ಎಳ್ಳು ಸೇರಿತ್ತು, ಪೊಟ್ಟಣದ ಮೇಲೆ ಬರೆದಿರಲಿಲ್ಲ. ತಂದೆತಾಯಿ ಅಳುತ್ತ ಕೂರಲಿಲ್ಲ. ಅಂಗಡಿಯಲ್ಲೇ ಕಟ್ಟಿ ಮಾರುವ ತಿನಿಸಿಗೂ ಪದಾರ್ಥಗಳ ಪೂರ್ಣ ಪಟ್ಟಿ ಕಡ್ಡಾಯ ಎಂಬ ಕಾನೂನು 2021ರ ಅಕ್ಟೋಬರ್ 1ರಂದು ಜಾರಿಯಾಗುವ ತನಕ ಹೋರಾಡಿದರು. ಅದಕ್ಕೆ ಆ ಹುಡುಗಿಯದೇ ಹೆಸರು. ಅಂದಹಾಗೆ, ನಮ್ಮ ಕೇಂದ್ರದ ಎಂಟರ ಪಟ್ಟಿಯಲ್ಲಿ ಎಳ್ಳು ಇಲ್ಲ. ಸಾಸಿವೆಯೂ ಇಲ್ಲ. ಎಳ್ಳುಂಡೆ ತಿನ್ನುವ ನಾಡಿನಲ್ಲಿ!

ಅಮೆರಿಕದ ಫ್ಲಾರಿಡಾದಲ್ಲಿ 2023ರ ಅಕ್ಟೋಬರಿನಲ್ಲಿ ಇನ್ನೊಂದು ನಡೆಯಿತು. ಡಿಸ್ನಿಯವರ ಆವರಣದ ಒಂದು ಹೋಟೆಲಿನಲ್ಲಿ ಊಟಮಾಡಿದ ವೈದ್ಯೆಯೊಬ್ಬರು ಅಲರ್ಜಿಯಿಂದ ತೀರಿಕೊಂಡರು. ಮತ್ತೆ ಮತ್ತೆ ಹೇಳಿ ಖಚಿತಪಡಿಸಿಕೊಂಡೇ ತಿಂದಿದ್ದರು ಎಂದು ಗಂಡ ದಾವೆ ಹೂಡಿದರು. ಅವರು ಹಿಂದೊಮ್ಮೆ ಟಿವಿ ಸೇವೆಗೆ ಸೇರುವಾಗ ಒಪ್ಪಿದ ಷರತ್ತಿನ ಪ್ರಕಾರ ಕೋರ್ಟಿಗೇ ಬರುವಂತಿಲ್ಲ ಎಂದು ಕಂಪನಿ ವಾದಿಸಿತು. ಜನ ಉಗಿದ ಮೇಲೆ 2024ರ ಆಗಸ್ಟಿನಲ್ಲಿ ಆ ವಾದ ಕೈಬಿಟ್ಟಿತು. ನೀವು ಪಾರ್ಕಿನ ಟಿಕೇಟಿನ ಹಿಂದೆ ಇರುವೆ ಸಾಲಿನಂಥ ಇಂಗ್ಲಿಷನ್ನು ಎಂದಾದರೂ ಓದಿದ್ದೀರಾ? ನಾನೂ ಓದಿರಲಿಲ್ಲ. ಇಂಥ ಟಿಕೇಟು ಅಚ್ಚುಹಾಕಿ ಹೊಟ್ಟೆ ಹೊರೆಯುವವನು ನಾನು!

ಹಾಗಾದರೆ ಕನ್ನಡದಲ್ಲಿ ಅಚ್ಚಿಸುವುದು ಕಷ್ಟವೇ? ಕಂಪನಿಗಳು ಖರ್ಚು ಎನ್ನುತ್ತವೆ, ಜಾಗವಿಲ್ಲ ಎನ್ನುತ್ತವೆ. ಇದು ನನ್ನ ಕಸುಬು, ಇಲ್ಲಿ ನನ್ನ ಕಿವಿಗೆ ಹೂ ಇಡಲಾಗದು. ಕಾಗದದ ಪೆಟ್ಟಿಗೆಗೆ ಆಫ್‌ಸೆಟ್ಟಿನಲ್ಲಿ ಒಂದು ಸಾಲು ಹೆಚ್ಚು ಸೇರಿಸಿದರೆ ಬೇರೆ ಪ್ಲೇಟು ಬೇಡ, ಅದೇ ಕಪ್ಪು ಪ್ಲೇಟಿನಲ್ಲಿ ಕೂರುತ್ತದೆ. ಹೊಳೆಯುವ ಪ್ಲಾಸ್ಟಿಕ್ ಪೊಟ್ಟಣ ಅಚ್ಚಾಗುವುದು ತಾಮ್ರ ಲೇಪಿಸಿ ಕೊರೆದ ಸಿಲಿಂಡರಿನಲ್ಲಿ, ಬಣ್ಣಕ್ಕೊಂದು ಸಿಲಿಂಡರು. ಅದು ದುಬಾರಿ, ಒಪ್ಪುತ್ತೇನೆ. ಆದರೆ ಅಕ್ಷರಗಳಿರುವುದು ಸಾಮಾನ್ಯವಾಗಿ ಕಪ್ಪು ಸಿಲಿಂಡರಿನಲ್ಲಿ, ಬದಲಿಸಬೇಕಾದದ್ದು ಅದೊಂದನ್ನೇ, ಅದೂ ಒಮ್ಮೆ. ಕ್ರಿಕೆಟ್ ಪಂದ್ಯಕ್ಕೆ ಆಟಗಾರನ ಮುಖ ಹಾಕಿ ಪೊಟ್ಟಣವನ್ನೇ ಬದಲಿಸುವವರಿಗೆ "ಶೇಂಗಾ ಇದೆ" ಎಂಬ ಎರಡು ಪದ ಭಾರವೇ? ಐರೋಪ್ಯ ಒಕ್ಕೂಟದಲ್ಲಿ ಮಾಲು ಯಾವ ದೇಶದಲ್ಲಿ ಮಾರಾಟವೋ ಆ ದೇಶದ ಗ್ರಾಹಕನಿಗೆ ಸುಲಭಕ್ಕೆ ತಿಳಿಯುವ ಭಾಷೆಯಲ್ಲಿ ವಿವರ ಇರಬೇಕು. ಕೆನಡಾದಲ್ಲಿ ಇಂಗ್ಲಿಷ್, ಫ್ರೆಂಚ್ ಎರಡೂ ಬೇಕು. ಅಲ್ಲಿ ಬಗ್ಗುವ ವ್ಯಾಪಾರದ ಸೊಂಟ ಇಲ್ಲೇಕೆ ಬಗ್ಗದು?

ಬೆರಳು ನನ್ನ ಕಡೆಗೂ ತಿರುಗಿಸುತ್ತೇನೆ. ನಮ್ಮ ತಾಲೂಕಿನ ಹೆಂಗಸರ ಸಂಘಗಳ ಚಕ್ಕುಲಿ, ಉಂಡೆ, ಹಪ್ಪಳ, ಮಸಾಲೆಪುಡಿಗೆ ಚೀಟಿ ಅಚ್ಚುಹಾಕುವವನು ನಾನೇ. ಎಷ್ಟೋ ವರ್ಷ ಎಲ್ಲವನ್ನೂ ಇಂಗ್ಲಿಷಿನಲ್ಲೇ ಹಾಕಿದೆ. "ಅದೇ ಚೆಂದ ಕಾಣುತ್ತದೆ" ಎಂದು ಅವರೆಂದರು, ಹೌದೆಂದು ನಾನೂ ಕುಣಿದೆ. ನವೆಂಬರ್ ಒಂದರಂದು ಕೆಂಪು ಹಳದಿ ಬಾವುಟ, ಮರುದಿನ ಇಂಗ್ಲಿಷ್ ಚೀಟಿ. ನನ್ನ ಯಂತ್ರದಿಂದ ಹೊರಟ ಎಷ್ಟು ಚೀಟಿಗಳು ಯಾರ ಆಯಿಯ ಕಣ್ಣಿಗೆ ಮಣ್ಣೆರಚಿವೆಯೋ. ಆಸ್ಪತ್ರೆಯಿಂದ ಬಂದ ದಿನದಿಂದ ನನ್ನ ಪ್ರೆಸ್ಸಿನಲ್ಲಿ ತಿನಿಸಿನ ಚೀಟಿಗೆ ಕನ್ನಡದ ಸಾಲಿಗೆ ಕಾಸಿಲ್ಲ. ಬೇಡವೆಂದವರ ಕೆಲಸವನ್ನೇ ಹಿಡಿಯುವುದಿಲ್ಲ. ಎರಡು ಗಿರಾಕಿ ಹೋದರು. ಹೋಗಲಿ.

ಕನ್ನಡದ ಸಾಲು ಎಂದರೆ ಎಂಥ ಕನ್ನಡ? ನಮ್ಮ ತಟ್ಟೆಯ ಅನುಭವ ಅದನ್ನೂ ಕಲಿಸಿತು. ಬೆಂಗಳೂರಿನ ಕಚೇರಿಯಲ್ಲಿ ಕೂತು ಅನುವಾದಿಸಿದ ಒಂಟಿ ಪದ ಸಾಲದು. "ಶೇಂಗಾ, ಕಡಲೇಕಾಯಿ, ನೆಲಗಡಲೆ" ಮೂರೂ ಇರಬೇಕು. "ಗೋಡಂಬಿ, ಗೇರುಬೀಜ" ಎರಡೂ ಇರಬೇಕು. ಬೀದರಿನಿಂದ ಚಾಮರಾಜನಗರಕ್ಕೆ, ಕಾರವಾರದಿಂದ ಕೋಲಾರಕ್ಕೆ ತಿಳಿಯುವ ಸಾಲು ಬೇಕು.

ನೀವು ಪೇಟೆಯ ಹುಡುಗರು, ಹುಡುಗಿಯರು. ಬೋರ್ಡು ನೋಡುವ ಕಣ್ಣು ನಿಮಗಿದೆ, 2023ರ ಡಿಸೆಂಬರಿನಲ್ಲಿ ಬೆಂಗಳೂರು ಅದನ್ನು ಕಂಡಿತು. ಈಗ ಪೊಟ್ಟಣವನ್ನು ತಿರುಗಿಸಿ ಹಿಂಬದಿ ನೋಡಿ. ಹೋಟೆಲಿನಲ್ಲಿ ಕೂತಾಗ, ಪಾರ್ಕಿಗೆ ಹೋದಾಗ ಇದರಲ್ಲೇನಿದೆ ಎಂದು ಕನ್ನಡದಲ್ಲಿ ಕೇಳಿ, ಉತ್ತರ ಬರುವ ತನಕ ಎದ್ದು ಹೋಗಬೇಡಿ. ಮಾಣಿಯ ಮೇಲೆ ಕೈ ಎತ್ತಬೇಡಿ, ಅವನೂ ನಮ್ಮಂತೆ ಕೂಲಿಯವನು. ಮೇನೇಜರನ್ನು ಕರೆಸಿ, ಬರೆದು ಕೇಳಿ, ಆಹಾರ ಸುರಕ್ಷತಾ ಅಧಿಕಾರಿಗೆ ಪ್ರತಿ ಕಳಿಸಿ. ಕಾಯಿಲೆಯ ಮಗುವಿನ ಡಬ್ಬಿ ಬಾಗಿಲಲ್ಲಿ ಕಸಿದುಕೊಳ್ಳುವ ಪಾರ್ಕು ಕಂಡರೆ ನಮಗೆ ತಿಳಿಸಿ. ಕೇಂದ್ರದ ನಿಯಮದಲ್ಲಿ "ಇಂಗ್ಲಿಷ್ ಅಥವಾ ಹಿಂದಿ" ಎಂಬ ಕಡೆ "ಮತ್ತು ಮಾರಾಟವಾಗುವ ರಾಜ್ಯದ ಆಡಳಿತ ಭಾಷೆ" ಎಂದು ಸೇರುವ ತನಕ ನಿಮ್ಮ ಸಂಸದರು ಊರಿಗೆ ಬಂದಾಗಲೆಲ್ಲ ಕೈಗೊಂದು ಬಿಸ್ಕತ್ತು ಪೊಟ್ಟಣ ಕೊಟ್ಟು, ಓದಿ ಹೇಳಿ ಎನ್ನಿ.

ಮುಂದಿನ ಸಂಚಿಕೆಯ ಕೊನೆಯ ಪುಟದಲ್ಲಿ ಎಂಟು ಪದಾರ್ಥಗಳ ಜೊತೆಗೆ ಎಳ್ಳು, ಸಾಸಿವೆ, ಬಳಚು ಸೇರಿಸಿ ಒಂದು ಪಟ್ಟಿ ಹಾಕುತ್ತೇವೆ. ಕತ್ತರಿಸಿ ಅಂಗಡಿಯಲ್ಲಿ, ಶಾಲೆಯ ಬಿಸಿಯೂಟದ ಕೋಣೆಯಲ್ಲಿ ಅಂಟಿಸಿ. ಅದಕ್ಕೆ ನಿಮ್ಮ ನೆರವು ಬೇಕು. ನಿಮ್ಮೂರಲ್ಲಿ ಶೇಂಗಾಕ್ಕೆ, ಗೋಡಂಬಿಗೆ, ಸಿಗಡಿಗೆ ಏನೆನ್ನುತ್ತಾರೆ? ಒಂದು ಅಂಚೆ ಕಾರ್ಡಿನಲ್ಲಿ ಬರೆದು ಕಳಿಸಿ. ಬಂದ ಪದಗಳನ್ನೆಲ್ಲ ಆಯಿ ಓದಿ ನೋಡಿದ ಮೇಲೆಯೇ ಅಚ್ಚಿಗೆ ಹೋಗುತ್ತವೆ.