ಬಿದ್ದವರನ್ನು ಎತ್ತಿದರೆ ಕೇಸು ನಿಮ್ಮ ತಲೆಗೆ ಬರುವುದಿಲ್ಲ



ಸುಗ್ಗಿ ಕಾಲದಲ್ಲಿ ಭತ್ತದ ಲೋಡು ಹೊತ್ತ ಎಷ್ಟೋ ಟ್ರೈಲರಿಗೆ ಹಿಂದೆ ಕೆಂಪು ದೀಪವೇ ಇರುವುದಿಲ್ಲ. ಹರಿಹರದಿಂದ ನಮ್ಮೂರು ಸಾರಥಿಗೆ ರಾತ್ರಿ ಬೈಕಿನಲ್ಲಿ ಬರುವವನಿಗೆ ಅದು ಕಾಣುವುದು ಮೈಮೇಲೆ ಬಂದಾಗಲೇ. ಬಿದ್ದನೆನ್ನಿ. ಒಂದು ಚಪ್ಪಲಿ ನಡುರಸ್ತೆಯಲ್ಲಿ, ಇನ್ನೊಂದು ಕಾಲಲ್ಲಿ. ಹಿಂದೆ ಬಂದ ಕಾರು ನಿಧಾನವಾಗುತ್ತದೆ, ಗಾಜು ಇಳಿಯುತ್ತದೆ, ಮತ್ತೆ ಏರುತ್ತದೆ. ‘ಯಾಕೆ ಬೇಕಪ್ಪಾ ಊರ ಉಸಾಬರಿ!’

ಆ ಕಾರಿನವನು ಕಟುಕನಲ್ಲ. ಸ್ಟೇಷನ್ನು, ಸಾಕ್ಷಿ, ಕೋರ್ಟಿಗೆ ಅಲೆದಾಟ, ಆಸ್ಪತ್ರೆಯಲ್ಲಿ ‘ಮೊದಲು ದುಡ್ಡು ಕಟ್ಟಿ’ ಎನ್ನುವ ಮಾತು, ಇವಕ್ಕೆ ಹೆದರಿದವನು. ಹಿಂದೆ ಹಾಗೆ ಸಿಕ್ಕಿಬಿದ್ದವರ ಕಥೆ ಊರ ಕಟ್ಟೆಯ ಮೇಲೆ ಇನ್ನೂ ಓಡಾಡುತ್ತದೆ. ಚೀನಾದಲ್ಲೂ ಇದೇ ಕಥೆ: 2006ರಲ್ಲಿ ನಾನ್‌ಜಿಂಗ್‌ನಲ್ಲಿ ಬಿದ್ದ ಅಜ್ಜಿಯನ್ನು ಆಸ್ಪತ್ರೆಗೆ ಸೇರಿಸಿದ ಹುಡುಗನೇ ಪರಿಹಾರ ಕೊಡಬೇಕೆಂದು ಕೋರ್ಟು ಹೇಳಿತು. ಆಮೇಲೆ ಅಲ್ಲಿ ಬಿದ್ದವರನ್ನು ಮುಟ್ಟಲು ಜನ ಹಿಂಜರಿದರು. ಜರ್ಮನಿಯಲ್ಲಿ ತದ್ವಿರುದ್ಧ, ಕೈಲಾಗುವ ನೆರವನ್ನೂ ಕೊಡದೆ ಹೋದರೆ ಒಂದು ವರ್ಷದ ತನಕ ಜೈಲು.

ನಮ್ಮಲ್ಲಿ ಹೆದರಿಕೆ ಉಳಿದಿದೆ, ಕಾನೂನು ಬದಲಾಗಿದೆ. 2016ರ ಮಾರ್ಚ್ 30ರಂದು ಸುಪ್ರೀಂ ಕೋರ್ಟ್ ನೆರವಾದವರ ರಕ್ಷಣೆಯ ನಿಯಮಗಳಿಗೆ ಬಲ ಕೊಟ್ಟಿತು. ಅದಕ್ಕೆಂದೇ ಕಾಯ್ದೆ ಮಾಡಿದ ಮೊದಲ ರಾಜ್ಯ ನಮ್ಮ ಕರ್ನಾಟಕ. 2018ರಲ್ಲಿ ರಾಷ್ಟ್ರಪತಿಗಳ ಅಂಕಿತವೂ ಬಿತ್ತು. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ 134ಎ ಕಲಂ ಸೇರಿತು. ಇವುಗಳ ಪ್ರಕಾರ ಹೆಸರು, ವಿಳಾಸ ಕೊಡಿ ಎಂದು ಪೊಲೀಸರು ನಿಮ್ಮನ್ನು ಒತ್ತಾಯಿಸುವಂತಿಲ್ಲ. ಸಾಕ್ಷಿ ಹೇಳುವುದು ನಿಮ್ಮ ಇಷ್ಟ. ಕರೆತಂದವರಿಂದ ಆಸ್ಪತ್ರೆ ದುಡ್ಡು ಕೇಳುವಂತಿಲ್ಲ. ಸಾಗಿಸುವಾಗ ಗಾಯಾಳು ತೀರಿಕೊಂಡರೂ ನೆರವಾದವರ ಮೇಲೆ ಕೇಸಿಲ್ಲ. ಮೊದಲ ಗಂಟೆಯೊಳಗೆ ಆಸ್ಪತ್ರೆ ಮುಟ್ಟಿಸಿದವರಿಗೆ ಕೊಡುವ ಬಹುಮಾನವನ್ನು ಕೇಂದ್ರ ಸರ್ಕಾರ 2025ರಲ್ಲಿ 25,000 ರೂಪಾಯಿಗೆ ಏರಿಸಿದೆ. ಹಣದ ಆಸೆಗೆ ಯಾರೂ ಗಾಡಿ ನಿಲ್ಲಿಸುವುದಿಲ್ಲ ಬಿಡಿ.

ಆದರೆ ಕಾನೂನು ಇದ್ದರೆ ಸಾಲದು, ಜನಕ್ಕೆ ಗೊತ್ತಿರಬೇಕು. ಕೊಪ್ಪಳದಲ್ಲಿ 2017ರ ಫೆಬ್ರವರಿ 1ರಂದು ಬಸ್ಸು ಬಡಿದು ಸೈಕಲ್ ಸವಾರನೊಬ್ಬ ಬಿದ್ದ. ವಯಸ್ಸು 18. ಕಾಪಾಡಿ ಎಂದು ಅಂಗಲಾಚುತ್ತಿದ್ದವನ ಸುತ್ತ ನಿಂತವರು ಮೊಬೈಲಿನಲ್ಲಿ ವಿಡಿಯೊ ಮಾಡಿದರು. ಹುಡುಗ ಉಳಿಯಲಿಲ್ಲ. ಆ ಸುಪ್ರೀಂ ಕೋರ್ಟ್ ಆದೇಶ ಬಂದು ಆಗಲೇ ಹತ್ತು ತಿಂಗಳಾಗಿತ್ತು. ಅಲ್ಲಿ ನಿಂತವರಲ್ಲಿ ಎಷ್ಟು ಜನಕ್ಕೆ ಅದು ಗೊತ್ತಿತ್ತು?

ಅದಕ್ಕೇ ಈ ಹಾಳೆ. ಮೊಬೈಲು ಕೈಗೆ ಬಂದರೆ ಮೊದಲು 108 ಒತ್ತಿ. ಆಂಬುಲೆನ್ಸ್ ತಡವಾದರೆ ಆಟೊ, ಟೆಂಪೊ ಯಾವುದಾದರೂ ಸರಿ, ನಿಲ್ಲಿಸಿ. ಓದಿ ಬಿಸಾಡಬೇಡಿ, ಬಸ್ ಸ್ಟ್ಯಾಂಡಿನ ಚಹಾದಂಗಡಿ ಗೋಡೆಗೆ ಅಂಟಿಸಿ. ಹಾಗೆಯೇ ಟ್ರೈಲರಿನ ಹಿಂದೆ ಒಂದು ಕೆಂಪು ರೇಡಿಯಂ ಪಟ್ಟಿಯನ್ನೂ.