ಗಂಟೆಗೆ ಎಷ್ಟು ತೋಟೆ ಅಂತ ಕೇಳಬೇಡಿ

ಟೆಕ್ಸಾಸಿನಲ್ಲಿ ಮಗನ ಮನೆ ಹತ್ತಿರ ದನ ಸಾಕುವ ಹಿರಿಯ ರೈತರೊಬ್ಬರ ಪರಿಚಯ ಆದ ಬಗ್ಗೆ ಹಿಂದೆ ಬರೆದಿದ್ದೆ. ಅವರ ಶೆಡ್ಡಿನಲ್ಲಿದ್ದ ತೋಟೆ ತುಂಬುವ ಯಂತ್ರದ ಫೋಟೋ ನೋಡಿದ ನಮ್ಮೂರ ಹುಡುಗರು ಇನ್ನೂ ಅದನ್ನೇ ಕೇಳ್ತಾ ಇದ್ದಾರೆ. ಎಲ್ಲರದ್ದೂ ಮೊದಲ ಪ್ರಶ್ನೆ ಒಂದೇ: ‘ಗಂಟೆಗೆ ಎಷ್ಟು ತೋಟೆ ಬರುತ್ತೆ?’ ನನ್ನ ಪ್ರಕಾರ ಆ ಯಂತ್ರದ ಬಗ್ಗೆ ಕೇಳಬೇಕಾದ ಪ್ರಶ್ನೆ ಅದಲ್ಲ. ಕೆಲಸ ನಡುವೆ ತಡೆದು ನಿಂತಾಗ ಮನುಷ್ಯ ಏನು ಮಾಡ್ತಾನೆ? ಕೇಳಬೇಕಾದ್ದು ಅದು.

ಗೊತ್ತಿಲ್ಲದವರಿಗೆ ಸ್ವಲ್ಪ ಹೇಳ್ತೀನಿ. ತೋಟೆ ಅಂದ್ರೆ ನಾಲ್ಕು ವಸ್ತು. ಹಿತ್ತಾಳೆಯ ಕೊಳವೆ, ಅದರ ಬುಡಕ್ಕೆ ಪ್ರೈಮರ್ ಅಂತ ಕರೆಯೋ ಪುಟ್ಟ ಕೇಪು, ಒಳಗೆ ಮದ್ದು, ಬಾಯಿಗೆ ಗುಂಡು. ಹೊಡೆದ ಮೇಲೆ ಹಿತ್ತಾಳೆ ಕೈಯಲ್ಲೇ ಉಳಿಯುತ್ತೆ, ಅದನ್ನು ಮತ್ತೆ ತುಂಬಬಹುದು. ಸಿಂಗಲ್ ಸ್ಟೇಜ್ ಪ್ರೆಸ್ಸಿನಲ್ಲಿ ಒಂದು ಎಳೆತಕ್ಕೆ ಒಂದೇ ಕೆಲಸ. ಪ್ರೊಗ್ರೆಸಿವ್ ಪ್ರೆಸ್ಸಿನಲ್ಲಿ ತಿರುಗೋ ತಟ್ಟೆಯ ಮೇಲೆ ನಾಲ್ಕೈದು ಕೊಳವೆ ಒಟ್ಟಿಗೆ ನಿಂತಿರುತ್ತವೆ. ಹಿಡಿ ಒಂದು ಸಲ ಎಳೆದು ಬಿಟ್ಟರೆ ಒಂದರಲ್ಲಿ ಹಳೇ ಕೇಪು ಉದುರಿ ಹೊಸದು ಕೂರುತ್ತೆ, ಪಕ್ಕದ್ದಕ್ಕೆ ಮದ್ದು ಬೀಳುತ್ತೆ, ಇನ್ನೊಂದಕ್ಕೆ ಗುಂಡು ಇಳಿಯುತ್ತೆ, ಕೊನೇದು ಬಿಗಿಯಾಗಿ ಮುಗಿಯುತ್ತೆ. ತಟ್ಟೆ ತುಂಬಿದ ಮೇಲೆ ಪ್ರತಿ ಎಳೆತಕ್ಕೂ ಒಂದು ಪೂರ್ತಿ ತೋಟೆ. ಡಿಲನ್ 550ರಲ್ಲಿ ತಟ್ಟೆಯನ್ನು ಕೈಯಲ್ಲೇ ತಿರುಗಿಸಬೇಕು, ಅದೇ ಕಂಪನಿಯ 750ರಲ್ಲಿ ತಾನೇ ತಿರುಗುತ್ತೆ.

ಎಲ್ಲ ಸರಿಯಾಗಿ ನಡೀತಾ ಇದ್ದಾಗ ಈ ಯಂತ್ರದಿಂದ ಅಪಾಯ ಕಡಿಮೆ. ಅಪಾಯ ಇರೋದು ತಡೆ ಆದಾಗ. ಒಂದು ಕೇಪು ಸರಿಯಾಗಿ ಕೂರಲಿಲ್ಲ ಅಂತಿಟ್ಟುಕೊಳ್ಳಿ. ಹಿಡಿ ಅರ್ಧಕ್ಕೆ ನಿಂತಿತು. ನೀವು ಹಿಂದೆ ಮುಂದೆ ಅಲ್ಲಾಡಿಸಿ, ಕೊಳವೆ ತೆಗೆದು, ಸರಿ ಮಾಡಿ ಮತ್ತೆ ಎಳೀತೀರಿ. ಅಷ್ಟರಲ್ಲಿ ಪಕ್ಕದ ಕೊಳವೆಗೆ ಮದ್ದು ಬಿದ್ದಿತ್ತಾ, ಇಲ್ವಾ? ಬೀಳದೇ ಇದ್ದರೆ ಬರೀ ಕೇಪಿನ ಜೋರಿಗೆ ಗುಂಡು ನಳಿಗೆ ಒಳಗೇ ಹೋಗಿ ಸಿಕ್ಕಿಕೊಳ್ಳಬಹುದು. ಸದ್ದು ಚಿಕ್ಕದಾಗಿ ಬಂತು ಅಂತ ಗಮನಿಸದೆ ಎರಡನೇದು ಹೊಡೆದರೆ ನಳಿಗೆ ಸೀಳಬಹುದು. ಎರಡು ಸಲ ಬಿದ್ದಿದ್ದರೆ ಮೊದಲನೇ ಹೊಡೆತಕ್ಕೇ ಕೋವಿ ಸಿಡಿಯಬಹುದು.

ಮದ್ದು ಎರಡು ಸಲ ಬಿದ್ದರೆ ಕೊಳವೆ ತುಂಬಿ ಚೆಲ್ಲೋದಿಲ್ವಾ, ಕಾಣೋದಿಲ್ವಾ ಅಂತ ಕೇಳಬಹುದು. ಕೆಲವದರಲ್ಲಿ ಚೆಲ್ಲುತ್ತೆ. ಆದರೆ ಆ ರೈತರು ಹೆಚ್ಚು ತುಂಬೋದು .38 ಸ್ಪೆಷಲ್. ಅದು 1890ರ ದಶಕದ ಕೊನೆಯ, ಕರಿಮದ್ದಿನ ಕಾಲದ ತೋಟೆ. ಕರಿಮದ್ದಿಗೆ ಜಾಗ ಜಾಸ್ತಿ ಬೇಕಿತ್ತು, ಹಾಗಾಗಿ ಕೊಳವೆ ಉದ್ದ. ಈಗಿನ ಹೊಗೆಯಿಲ್ಲದ ಮದ್ದು ಅದರ ತಳದಲ್ಲಿ ಸ್ವಲ್ಪವೇ ಕೂತಿರುತ್ತೆ. ಎರಡು ಪಟ್ಟು ಬಿದ್ದರೂ ಮೇಲೆ ಜಾಗ ಉಳಿದಿರುತ್ತೆ, ಗುಂಡು ಆರಾಮಾಗಿ ಕೂತು ಮುಚ್ಚಿಕೊಳ್ಳುತ್ತೆ. ಹೊರಗಿಂದ ನೋಡಿದರೆ ಒಳ್ಳೇ ತೋಟೆಗೂ ಇದಕ್ಕೂ ಏನೂ ವ್ಯತ್ಯಾಸ ಕಾಣಲ್ಲ.

ಅದಕ್ಕೇ ಅವರ ಪದ್ಧತಿ ನನಗೆ ಯಂತ್ರಕ್ಕಿಂತ ಹೆಚ್ಚು ಹಿಡಿಸಿತು. ತಡೆ ಆಯ್ತು ಅಂದ್ರೆ ತಟ್ಟೆ ಮೇಲಿದ್ದ ಅಷ್ಟೂ ಕೊಳವೆ ತೆಗೆದು ಬದಿಗಿಟ್ಟು, ಮದ್ದು ಸುರಿದು, ಮತ್ತೆ ಮೊದಲಿಂದ ಶುರು. ಒಂದೂ ಉಳಿಸಿಕೊಳ್ಳಲ್ಲ. ತಟ್ಟೆಯ ಮೇಲೆ ಬೆಳಕು ಬೀಳೋ ಹಾಗೆ ಸಣ್ಣ ದೀಪ ಕಟ್ಟಿದ್ದಾರೆ. ಗುಂಡು ಇಡೋ ಮೊದಲು ಪ್ರತಿ ಕೊಳವೆಯ ಒಳಗೂ ಕಣ್ಣು ಹಾಯಿಸ್ತಾರೆ. ಮಧ್ಯೆ ಮಧ್ಯೆ ಒಂದು ಮದ್ದನ್ನು ತೂಕಕ್ಕೆ ಹಾಕ್ತಾರೆ. ಆ ಹೊತ್ತಿನಲ್ಲಿ ಫೋನ್ ಮನೆ ಒಳಗೆ, ಮಾತು ಬಂದ್. ಮದ್ದಿನ ಮಟ್ಟ ನೋಡೋ ಪೌಡರ್ ಚೆಕ್ ಇದೆಯಲ್ಲ, ಇಷ್ಟೆಲ್ಲಾ ಯಾಕೆ ಅಂತ ಅಲ್ಲೂ ಕೆಲವರು ವಾದ ಮಾಡ್ತಾರೆ. ಅದು ಪೂರ್ತಿ ಖಾಲಿ ಅಥವಾ ದುಪ್ಪಟ್ಟು ಆದಾಗ ಎಚ್ಚರಿಸುತ್ತೆ, ಒಳ್ಳೇದೇ. ಆದರೆ ಅದನ್ನೂ ಸರಿಯಾಗಿ ಹೊಂದಿಸಬೇಕಾದ್ದು ಮನುಷ್ಯನೇ. ಸಣ್ಣ ಏರುಪೇರು ಅದಕ್ಕೆ ತಿಳಿಯೋದೂ ಇಲ್ಲ.

ನಿರ್ವಹಣೆ ಅಂದ್ರೆ ಒರೆಸಿ ಹೊಳಪು ಬರಿಸೋದು ಅಂದುಕೊಳ್ಳಬೇಡಿ. ಹಳೇ ಕೇಪಿನಿಂದ ಉದುರೋ ಮಸಿ ಮರಳಿನ ಹಾಗೆ ಗರಗರ ಇರುತ್ತೆ. ಅದು ತಟ್ಟೆಯ ಅಡಿಗೆ ಸೇರಿದರೆ ಹೊಸ ಕೇಪು ಪೂರ್ತಿ ಒಳಗೆ ಹೋಗಲ್ಲ, ಕೆಲಸ ತಡೆಯುತ್ತೆ. ತಟ್ಟೆಯ ನಡುವಿನ ಬೋಲ್ಟ್ ಸಡಿಲ ಆದರೆ ತಟ್ಟೆ ಓಲಾಡುತ್ತೆ, ಕೇಪು ಕೂರೋದು ಏರುಪೇರಾಗುತ್ತೆ. ಅಂದ್ರೆ ಇಲ್ಲಿ ಕಸ ತೆಗೆಯೋದು, ಬೋಲ್ಟ್ ಬಿಗಿ ಮಾಡೋದು ತಡೆಯನ್ನೇ ತಡೆಯೋ ಕೆಲಸ. ಎಣ್ಣೆ, ಗ್ರೀಸು ಉಜ್ಜೋ ಜಾಗಕ್ಕೆ ಮಾತ್ರ, ಅದೂ ತೆಳುವಾಗಿ. ಕೇಪಿಗೆ ಎಣ್ಣೆ ತಾಗಿದರೆ ಅದು ಕೆಡಬಹುದು. ಸಿಕ್ಕಿಕೊಂಡ ಕೇಪನ್ನು ಜೋರು ಮಾಡಿ ಒತ್ತೋದಂತೂ ಕೂಡದು, ಅದು ಪೆಟ್ಟಿಗೆ ಸಿಡಿಯೋ ವಸ್ತು. ಕೇಪು ಜೋಡಿಸಿಟ್ಟ ಕೊಳವೆಯ ಸುತ್ತ ಡಿಲನ್‌ನವರು ಉಕ್ಕಿನ ಕವಚ ಕೊಟ್ಟಿರೋದು ಸುಮ್ಮನೆ ಅಲ್ಲ.

ಇನ್ನೊಂದು ನಿಯಮ: ಮೇಜಿನ ಮೇಲೆ ಒಂದೇ ಜಾತಿಯ ಮದ್ದು. ಕೆಲಸ ಮುಗಿದ ದಿನವೇ ಯಂತ್ರದಲ್ಲಿ ಉಳಿದದ್ದು ಅದರದೇ ಡಬ್ಬಕ್ಕೆ ವಾಪಸ್. ನಾಳೆ ನೆನಪಿರುತ್ತೆ ಅನ್ನೋ ಮಾತು ಇಲ್ಲ. ಕೇಪಿನ ಮಸಿಯಲ್ಲಿ ಸೀಸ ಇರೋದರಿಂದ ಅಲ್ಲಿ ತಿಂಡಿ, ಕಾಫಿ ಇಲ್ಲ. ಎದ್ದ ತಕ್ಷಣ ಸೋಪು ಹಾಕಿ ಕೈ ತೊಳೀಬೇಕು.

ಅಡಿಕೆ ಸುಲಿಯೋ ಯಂತ್ರದಲ್ಲಿ ತಪ್ಪಾದರೆ ನಾಲ್ಕು ಗೋಟು ಪುಡಿ ಆಗುತ್ತೆ, ತಪ್ಪು ಅಲ್ಲೇ ಕಣ್ಣಿಗೆ ಬೀಳುತ್ತೆ. ಇಲ್ಲಿ ತಪ್ಪು ಡಬ್ಬದೊಳಗೆ ಸೇರಿ ತಿಂಗಳುಗಟ್ಟಲೆ ಕಾಯುತ್ತೆ. ಆಮೇಲೆ ಯಾರ ಕೈಯಲ್ಲಿ ಸಿಡಿಯುತ್ತೋ ಹೇಳೋಕಾಗಲ್ಲ. ಆದ್ದರಿಂದ ಅಲ್ಲಿರೋ ನಮ್ಮ ಹುಡುಗರು ಯಾರಾದರೂ ಈ ಹವ್ಯಾಸಕ್ಕೆ ಇಳಿಯೋದಿದ್ದರೆ ನನ್ನ ಸಲಹೆ ಇಷ್ಟು: ಮೊದಲ ವರ್ಷ ಸಿಂಗಲ್ ಸ್ಟೇಜ್ ಪ್ರೆಸ್ಸಿನಲ್ಲೇ ಕಲೀರಿ. ಒಂದೊಂದು ಹೆಜ್ಜೆಯೂ ಕೈಗೆ ಹತ್ತಿದ ಮೇಲೆ ದೊಡ್ಡ ಯಂತ್ರ ತಗೊಳ್ಳಿ. ದುಡ್ಡು ಉಳಿಯುತ್ತೆ ಅನ್ನೋ ಲೆಕ್ಕವನ್ನೂ ಪೂರ್ತಿ ನಂಬಬೇಡಿ. ತೋಟೆಗೆ ಖರ್ಚು ಕಡಿಮೆ ಬೀಳ್ತು ಅಂದ್ರೆ ಜನ ಹೊಡೆಯೋದೇ ಜಾಸ್ತಿ ಮಾಡ್ತಾರೆ. 2020-21ರಲ್ಲಿ ಅಲ್ಲಿ ಪ್ರೈಮರೇ ಸಿಗದೆ ಯಂತ್ರಗಳು ಸುಮ್ಮನೆ ಕೂತಿದ್ದೂ ಉಂಟು.

ಊರಲ್ಲಿರೋರಿಗೆ ಬೇರೆ ಮಾತು. ಅಮೆರಿಕದ ಕೇಂದ್ರ ಕಾನೂನಿನಲ್ಲಿ ಸ್ವಂತಕ್ಕೆ ತುಂಬಿಕೊಳ್ಳೋಕೆ ಲೈಸೆನ್ಸ್ ಬೇಡ, ಮಾರಾಟಕ್ಕೆ ತಯಾರಿಸೋದಾದರೆ ಬೇಕು. ನಮ್ಮಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆ ಪ್ರಕಾರ ಮದ್ದುಗುಂಡು ತಯಾರಿಕೆಗೇ ಪ್ರತ್ಯೇಕ ಲೈಸೆನ್ಸ್ ಬೇಕು. ಬೆಳೆ ರಕ್ಷಣೆಗೆ ಕೋವಿ ಲೈಸೆನ್ಸ್ ಇದೆ ಅಂದ ಮಾತ್ರಕ್ಕೆ ಅದು ಬರಲ್ಲ. ಅಕ್ರಮ ತಯಾರಿಕೆಗೆ 2019ರ ತಿದ್ದುಪಡಿ ಆದಮೇಲೆ ಕನಿಷ್ಠ ಶಿಕ್ಷೆಯೇ 7 ವರ್ಷ. ಹಂದಿ ಕಾಟ ಟೆಕ್ಸಾಸಿನಲ್ಲೂ ಇದೆ, ನಮ್ಮ ತೋಟದಲ್ಲೂ ಇದೆ, ಆ ಸಂಕಟ ನನಗೆ ಗೊತ್ತು. ಆದರೆ ಅದಕ್ಕೆ ಈ ಯಂತ್ರ ಇಲ್ಲಿ ಪರಿಹಾರ ಅಲ್ಲ ಮಾರಾಯ್ರೆ. ಯಂತ್ರ ಹೇಗೆ ಕೆಲಸ ಮಾಡುತ್ತೆ ಅಂತ ಕೇಳಿ, ಖುಷಿಯಿಂದ ಹೇಳ್ತೀನಿ. ತರಿಸೋದು ಹೇಗೆ ಅಂತ ಮಾತ್ರ ಕೇಳಬೇಡಿ.